ಕೆಂಪು ಬೆಳಕು, ಐದು ಬಸ್ಕಿ

ನಾನು ಭದ್ರಾವತಿಯ ಒಂದು ಪ್ರೌಢಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಹತ್ತೊಂಬತ್ತು ವರ್ಷ ಮಕ್ಕಳನ್ನು ಓಡಿಸಿದ್ದೇನೆ, ಹಾರಿಸಿದ್ದೇನೆ, ತಡವಾಗಿ ಬಂದವರಿಂದ ಬಸ್ಕಿ ಹೊಡೆಸಿದ್ದೇನೆ. ಕಾಲು ನೋವು ಸರ್, ಹೊಟ್ಟೆ ನೋವು ಸರ್ ಎಂದು ಬಂದವರನ್ನು ನಂಬಿದ್ದು ಕಡಿಮೆ. ಎರಡು ರೌಂಡ್ ಹಾಕು, ಎಲ್ಲ ಹೋಗುತ್ತೆ ಎನ್ನುತ್ತಿದ್ದೆ. ಹಾಗೆ ಹೇಳುವಾಗ ಒಂದು ದಿನವೂ ಅಳುಕಾಗಿರಲಿಲ್ಲ. ಇಂಥ ನನಗೇ ಮೈಯೆಲ್ಲ ನೋಯುವ ಕಾಯಿಲೆ ಬಂತು. ಬಂದದ್ದು ಹೋಗಲಿಲ್ಲ. ಹೋಗಿದೆ ಎಂದು ಹೇಳಲು ನಾನಿದನ್ನು ಬರೆಯುತ್ತಿಲ್ಲ.

ಮೊದಲು ಬಂದದ್ದು ಜ್ವರ. ಆ ಮಳೆಗಾಲ ನಮ್ಮ ಬೀದಿಯಲ್ಲಿ ಮನೆಗೊಬ್ಬರಂತೆ ಚಿಕುನ್‌ಗುನ್ಯ ಹಿಡಿದು ಮಲಗಿದ್ದರು. ಮೂರು ತಿಂಗಳು, ಆರು ತಿಂಗಳು ನರಳಿ ಒಬ್ಬೊಬ್ಬರಾಗಿ ಎದ್ದು ಓಡಾಡಿದರು. ನನ್ನ ಜ್ವರ ಐದನೇ ದಿನಕ್ಕೆ ಇಳಿಯಿತು. ನೋವು ಮಾತ್ರ ಉಳಿದುಕೊಂಡಿತು. ಕುತ್ತಿಗೆ, ಭುಜ, ಸೊಂಟ, ಮಂಡಿ. ಒಂದು ದಿನ ಒಂದು ಕಡೆ, ಇನ್ನೊಂದು ದಿನ ಎಲ್ಲ ಕಡೆ. ಅಂಗಿಯ ಹೊಲಿಗೆ ಭುಜಕ್ಕೆ ತಾಗಿದರೂ ಉರಿಯುತ್ತಿತ್ತು. ಎಂಟು ಗಂಟೆ ಮಲಗಿ ಎದ್ದರೂ ಮೂಟೆ ಹೊತ್ತು ಬಂದವನ ಸುಸ್ತು. ತಲೆಯೂ ಮೊದಲಿನ ಹಾಗಿರಲಿಲ್ಲ. ಒಂದು ಸಲ ರಿಲೇ ತಂಡದ ನಾಲ್ಕು ಹುಡುಗಿಯರನ್ನು ಕರೆಯಲು ಹೋಗಿ ಮೂರನೆಯ ಹೆಸರು ಬಾಯಿಗೇ ಬರದೆ ನಿಂತುಬಿಟ್ಟೆ. ಆ ಹುಡುಗಿ ತಾನೇ ಕೈಯೆತ್ತಿ ಹೆಸರು ಹೇಳಿತು.

ಎರಡು ವರ್ಷ ಭದ್ರಾವತಿ, ಶಿವಮೊಗ್ಗ ಎಂದು ಅಲೆದೆ. ಮೂಳೆ ಡಾಕ್ಟರು, ನರದ ಡಾಕ್ಟರು, ಕುಂಸಿಯ ಕಡೆಯ ಒಬ್ಬ ನಾಟಿ ವೈದ್ಯರು. ರಕ್ತ ಕೊಟ್ಟೆ, ಎಕ್ಸ್‌ರೇ ತೆಗೆಸಿದೆ, ಸ್ಕ್ಯಾನಿಂಗ್ ಮಿಷನ್ನಿನೊಳಗೆ ಅಲ್ಲಾಡದೆ ಮಲಗಿದೆ. ಪ್ರತಿ ಸಲವೂ ಕಾಗದದಲ್ಲಿ ಅದೇ ಮಾತು: ನಾರ್ಮಲ್. ಏನಾದರೂ ಒಂದು ಕೆಟ್ಟದ್ದು ಸಿಗಲಪ್ಪಾ ಎಂದು ಲ್ಯಾಬಿನ ಬೆಂಚಿನ ಮೇಲೆ ಕೂತು ಹಾರೈಸುತ್ತಿದ್ದೆ. ಹಾಗೆ ಹಾರೈಸಿದ್ದಕ್ಕೆ ಆಮೇಲೆ ನಾಚಿಕೆಯಾಗುತ್ತಿತ್ತು.

ನನ್ನ ಹೆಂಡತಿ ಸುಧಾ ಶಂಕರಘಟ್ಟದ ಒಂದು ಆಫೀಸಿನಲ್ಲಿ ಗುಮಾಸ್ತೆ. ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ, ಅರ್ಧ ದಿನ ಸೀಟೇ ಸಿಗುವುದಿಲ್ಲ. ಒಂದು ಸಂಜೆ ಹುರುಳಿಕಾಯಿ ಹೆಚ್ಚುತ್ತಾ, ತಲೆಯೆತ್ತದೆ ಹೇಳಿದಳು: “ರಿಪೋರ್ಟೆಲ್ಲಾ ಸರಿ ಇದೆ ಅಂದ್ಮೇಲೆ ನೀವೂ ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೋಬೇಕು ಕಣ್ರೀ. ಸುಸ್ತು ನಂಗೂ ಆಗುತ್ತೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಗಳವಾಡಬಹುದಿತ್ತು. ಇಬ್ಬರೂ ದಣಿದಿದ್ದೆವು, ಅವಳ ದಣಿವಿಗೆ ಕಾರಣ ಇತ್ತು, ನನ್ನದಕ್ಕೆ ಇರಲಿಲ್ಲ. ನಾನು ಎದ್ದು ಹೋಗಿ ಮಲಗಿದೆ.

ಶಾಲೆಯಲ್ಲಿ ಪರೇಡ್ ತಾಲೀಮಿನ ದಿನಗಳು. ಎರಡು ತಾಸು ನಿಲ್ಲಲಾಗದೆ ಮೈದಾನದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡೆ. ಮಕ್ಕಳು ಬಿಸಿಲಲ್ಲಿ, ಪಿ.ಟಿ. ಮೇಷ್ಟ್ರು ಮರದ ನೆರಳಲ್ಲಿ. ಯಾರೋ ಪೋಷಕರು ಕಾಂಪೌಂಡಿನಾಚೆಯಿಂದ ಫೋಟೋ ತೆಗೆದರು. ಅದು ಹೆಡ್‌ಮಾಸ್ಟರ ಫೋನಿಗೆ ಬಂತು. ಅವರು ನನ್ನನ್ನು ಕರೆಸಿ ಫೋಟೋ ತೋರಿಸಿದರು. ನಾನು ಬ್ಯಾಗಿನಲ್ಲೇ ಇದ್ದ ರಿಪೋರ್ಟುಗಳ ಕಟ್ಟನ್ನು ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿದರು. ಕೆಟ್ಟ ಮನುಷ್ಯರಲ್ಲ ಅವರು, ನಾನು ಜ್ವರದಲ್ಲಿ ಮಲಗಿದ್ದಾಗ ಎಳನೀರು ತಂದುಕೊಟ್ಟವರು.

“ಇದ್ರಲ್ಲಿ ಎಲ್ಲಾ ನಾರ್ಮಲ್ ಅಂತಿದೆಯಲ್ಲ ಮಾರಾಯ್ರೇ. ಪೇರೆಂಟ್ಸಿಗೆ ನಾನೇನಂತ ಹೇಳ್ಲಿ?” ಎಂದರು.

ನಾನು ಹಾಳೆಗಳನ್ನು ಜೋಡಿಸಿ ಬ್ಯಾಗಿಗೆ ಹಾಕಿಕೊಂಡೆ. ರಜೆ ಹಾಕಿ ಸರಿಯಾಗಿ ತೋರಿಸಿಕೊಂಡು ಬನ್ನಿ, ಇಲ್ಲದಿದ್ದರೆ ಆಟದ ಕೆಲಸ ಬಿಟ್ಟು ಆಫೀಸಿನ ಕೆಲಸಕ್ಕೆ ಬರೆದುಕೊಡಿ ಎಂದರು. ಆಫೀಸಿನ ಕೆಲಸ ಕೆಟ್ಟದ್ದೇನಲ್ಲ. ಆದರೆ ನನಗೆ ಗೊತ್ತಿರುವುದು ಮೈದಾನ ಒಂದೇ.

ಆ ವಾರ ಸುಧಾ ಕೂಡ ರಜೆ ಹಾಕಿದಳು. ಅವಳ ಆಫೀಸಿನವರೊಬ್ಬರು ಹೇಳಿದ ಕೀಲುನೋವಿನ ಡಾಕ್ಟರ ಬಳಿಗೆ ಶಿವಮೊಗ್ಗಕ್ಕೆ ಇಬ್ಬರೂ ಹೋದೆವು. ಬೆಳಿಗ್ಗೆ ಹತ್ತಕ್ಕೆ ಕೂತವರನ್ನು ಎರಡೂವರೆಗೆ ಕರೆದರು. ಅಷ್ಟು ಹೊತ್ತು ಗೋಡೆಗೆ ಬೆನ್ನು ತಾಗಿಸಿದರೆ ನೋವು, ತಾಗಿಸದಿದ್ದರೆ ಬೇರೆ ನೋವು. ಡಾಕ್ಟರು ವಯಸ್ಸಾದ ಹೆಂಗಸು. ರಿಪೋರ್ಟುಗಳನ್ನು ಪಕ್ಕಕ್ಕಿಟ್ಟು ಕತ್ತಿನ ಹಿಂದೆ, ಭುಜದ ಮೇಲೆ, ಮಂಡಿಯ ಒಳಬದಿಯಲ್ಲಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ಒತ್ತಿದಲ್ಲೆಲ್ಲ ನಾನು ಕುರ್ಚಿಯಿಂದ ಏಳುತ್ತಿದ್ದೆ. ಆಮೇಲೆ ಕೈ ತೊಳೆದು ಬಂದು, ಬೆಳಿಗ್ಗೆ ಎದ್ದಾಗ ನಿದ್ದೆ ಮಾಡಿದ್ದೇನೆ ಅನ್ನಿಸುತ್ತದೆಯೇ ಎಂದು ಕೇಳಿದರು. ಎರಡು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಸುಧಾಳೇ ಹೇಳಿದಳು.

“ಇಲ್ಲ ಡಾಕ್ಟ್ರೇ. ಆ ಜ್ವರ ಬಂದ್ಮೇಲೆ ಒಂದು ದಿನಾನೂ ಅನ್ಸಿಲ್ಲ ಇವರಿಗೆ.”

ಅವಳು ನೋಡುತ್ತಿದ್ದಳು ಎಂದು ನನಗೆ ಗೊತ್ತಿರಲಿಲ್ಲ.

ಕಾಯಿಲೆಯ ಹೆಸರು ಫೈಬ್ರೊಮಯಾಲ್ಜಿಯ. ಸುಧಾ ಅದನ್ನು ಬಸ್ ಟಿಕೆಟಿನ ಹಿಂದೆ ಕನ್ನಡದಲ್ಲಿ ಬರೆದುಕೊಂಡಳು. ರಕ್ತದಲ್ಲಿ, ಎಕ್ಸ್‌ರೇಯಲ್ಲಿ ಕಾಣುವ ಕಾಯಿಲೆಯಲ್ಲ ಇದು ಎಂದರು ಡಾಕ್ಟರು. ಪೂರ್ತಿ ವಾಸಿ ಮಾಡುತ್ತೇನೆ ಎಂದು ಹೇಳಲಾರೆ, ಹಿಡಿತದಲ್ಲಿಟ್ಟುಕೊಳ್ಳಬಹುದು ಎಂದರು. ಮಲಗುವ ಮೊದಲು ಒಂದು ಸಣ್ಣ ಮಾತ್ರೆ, ಹೊತ್ತಿಗೆ ಸರಿಯಾಗಿ ನಿದ್ದೆ, ಮುಖ್ಯವಾಗಿ ವ್ಯಾಯಾಮ. ನಾನು ಪಿ.ಟಿ. ಮೇಷ್ಟ್ರು ಎಂದಾಗ ನಕ್ಕು, ಹಾಗಾದರೆ ನಿಮಗೇ ಕಷ್ಟ ಎಂದರು. ಯಾಕೆ ಹಾಗೆಂದರು ಎಂದು ಆಗ ತಿಳಿಯಲಿಲ್ಲ.

ವ್ಯಾಯಾಮ ತಾನೇ ಎಂದು ಮಾರನೇ ದಿನ ಬೆಳಿಗ್ಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಮೈದಾನಕ್ಕಿಳಿದೆ. ಹಲ್ಲು ಕಚ್ಚಿ ಮೂರು ರೌಂಡ್ ಓಡಿದೆ. ಎರಡು ರೌಂಡ್ ಹಾಕು, ಎಲ್ಲ ಹೋಗುತ್ತೆ ಎಂದು ಮಕ್ಕಳಿಗೆ ಹೇಳಿಕೊಂಡು ಬಂದವನು ನಾನು. ಅದರ ಮರುದಿನದಿಂದ ಒಂಬತ್ತು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ತಲೆ ಬಾಚಲೂ ಕೈ ಏಳುತ್ತಿರಲಿಲ್ಲ. ಸುಧಾ ಆಫೀಸಿಗೆ ಹೋದ ಮೇಲೆ ಚಾವಣಿ ನೋಡುತ್ತಾ ಮಲಗಿ, ಇನ್ನು ಮೂವತ್ತು ವರ್ಷ ಹೀಗೇ ಬದುಕಬೇಕೇನೋ ಎಂದು ಯೋಚಿಸುತ್ತಿದ್ದೆ. ಸಾಯುವ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದಕ್ಕೂ ಎದ್ದು ಏನಾದರೂ ಮಾಡಬೇಕಲ್ಲ ಎನ್ನುವಷ್ಟು ಸುಸ್ತು. ಇದನ್ನು ಆಮೇಲೆ ಡಾಕ್ಟರಿಗೂ ಸುಧಾಳಿಗೂ ಹೇಳಿದೆ. ನಿಮಗೂ ಹಾಗನ್ನಿಸಿದರೆ ಯಾರಿಗಾದರೂ ಹೇಳಿ, ಒಳಗಿಟ್ಟುಕೊಳ್ಳಬೇಡಿ.

ಡಾಕ್ಟರು ಈ ಸಲ ನನ್ನನ್ನು ಒಬ್ಬ ಫಿಸಿಯೋಥೆರಪಿಸ್ಟ್ ಬಳಿ ಕಳಿಸಿದರು. ಅನುಷಾ ಎಂದು ಹೆಸರು, ಹೊಳಲೂರಿನ ಹುಡುಗಿ. ಶಿವಮೊಗ್ಗದಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಕ್ಲಿನಿಕ್. ಮೆಟ್ಟಿಲು ಹತ್ತುವುದೇ ಅರ್ಧ ಚಿಕಿತ್ಸೆ. ವಾರಕ್ಕೆ ಮೂರು ದಿನ, ಶಾಲೆ ಬಿಟ್ಟ ಮೇಲೆ ಭದ್ರಾವತಿಯಿಂದ ಬಸ್ಸು ಹತ್ತಿ ಬರಬೇಕು. ಮೊದಲು ಬೆಳಕಿನ ಚಿಕಿತ್ಸೆ, ಅದಾದ ತಕ್ಷಣ ವ್ಯಾಯಾಮ. ಎರಡರಲ್ಲಿ ಒಂದನ್ನು ಬಿಟ್ಟು ಒಂದನ್ನು ಮಾಡುವ ಹಾಗಿಲ್ಲ.

ಬೆಳಕು ಎಂದರೆ ಟಾರ್ಚೇ ಎಂದು ಕೇಳಿದೆ. ಅವಳಿಗೆ ಬೇಸರವಾಗಲಿಲ್ಲ. ಅಂಗೈಯಗಲದ ಒಂದು ಸಾಧನ, ತುಂಬ ಸಣ್ಣ ಸಣ್ಣ ಕೆಂಪು ದೀಪಗಳು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಸಿ, ಬೋರಲು ಮಲಗಿಸಿ, ಕತ್ತಿನಿಂದ ಶುರುಮಾಡಿ ನೋಯುವ ಜಾಗಗಳ ಮೇಲೆ ಒಂದೊಂದಾಗಿ ಇಡುತ್ತಾಳೆ. ಚಳಿಗಾಲದ ಬೆಳಗಿನ ಬಿಸಿಲು ಬೆನ್ನಿಗೆ ಬಿದ್ದಷ್ಟು ಶಾಖ, ಅಷ್ಟೆ. ಚುಚ್ಚುವುದಿಲ್ಲ, ಸುಡುವುದಿಲ್ಲ. ಇಪ್ಪತ್ತು ನಿಮಿಷ.

“ಸರ್, ಇದು ಎಲ್ಲರಿಗೂ ಕೆಲಸ ಮಾಡುತ್ತೆ ಅಂತ ನಾನು ಹೇಳಲ್ಲ,” ಎಂದಳು ಮೊದಲ ದಿನ. “ಕೆಲವರಿಗೆ ನೋವು ಸ್ವಲ್ಪ ಇಳಿಯುತ್ತೆ. ಇಳಿದಾಗ ಮೈ ಅಲ್ಲಾಡಿಸೋಕೆ ಧೈರ್ಯ ಬರುತ್ತೆ. ನಂಗೆ ಬೇಕಾಗಿರೋದು ಅಷ್ಟೇ.”

ಇಷ್ಟು ಕಡಿಮೆ ಭರವಸೆ ಕೊಟ್ಟವರು ಅವಳೊಬ್ಬಳೇ. ಅದಕ್ಕೇ ನಂಬಿದೆನೋ ಏನೋ.

ಬೆಳಕು ಮುಗಿದ ಮೇಲೆ ಅವಳು ಹೇಳಿದ ವ್ಯಾಯಾಮ ಕೇಳಿ ಪಿಚ್ಚೆನಿಸಿತು. ಕುರ್ಚಿಯಿಂದ ಎದ್ದು ನಿಲ್ಲುವುದು, ಮತ್ತೆ ಕೂರುವುದು. ಐದು ಸಲ. ಕೈಗಳನ್ನು ಗೋಡೆಯ ಮೇಲೆ ಮೆಲ್ಲಗೆ ಏರಿಸುವುದು, ಐದು ಸಲ. ಕೋಣೆಯ ಈ ತುದಿಯಿಂದ ಆ ತುದಿಗೆ ಎರಡು ನಿಮಿಷ ನಡೆಯುವುದು. ಐವತ್ತು ಬಸ್ಕಿ ಹೊಡೆಸುತ್ತಿದ್ದ ಮೇಷ್ಟ್ರು ಕುರ್ಚಿ ಹಿಡಿದು ಐದು ಬಸ್ಕಿ ಹೊಡೆಯುವಾಗ, ನನ್ನ ವಿದ್ಯಾರ್ಥಿನಿಯಾಗಬಹುದಾದ ಹುಡುಗಿ ಎದುರಿಗೆ ನಿಂತು ಎಣಿಸುತ್ತಿದ್ದಳು. ನಾಲ್ಕನೆಯದಕ್ಕೆ ಬೆವರು ಬಂತು. ನಾಚಿಕೆಗೋ ನೋವಿಗೋ ಗೊತ್ತಾಗಲಿಲ್ಲ.

ಕ್ಲಿನಿಕ್ಕಿನ ಬೆಂಚಿನ ಮೇಲೆ ನನಗಿಂತ ಮೊದಲು ಬಂದು ಕೂತಿರುತ್ತಿದ್ದವರು ಸೆಲ್ವಿಯಮ್ಮ. ಅವರೂ ಭದ್ರಾವತಿಯವರೇ, ಫ್ಯಾಕ್ಟರಿ ಏರಿಯಾದ ತಮಿಳಿನವರು. ಇನ್ನೊಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ದಿನಾ ದೊಡ್ಡ ದೊಡ್ಡ ಪಾತ್ರೆ ಎತ್ತಿಳಿಸುವ ಕೆಲಸ. ಅವರಿಗೂ ಇದೇ ಕಾಯಿಲೆ, ಇದೇ ಚಿಕಿತ್ಸೆ. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: “ಸಾರ್, ಇದು ಗಂಡಸ್ರಿಗೂ ಬರುತ್ತಾ?”

ಬರುತ್ತೆ ಎಂದೆ. ಸೆಲ್ವಿಯಮ್ಮ, ಹಾಗಾದರೆ ನಮ್ಮ ಮನೆಯಲ್ಲಿ ಹೇಳಬೇಕು ಎಂದರು. ಮನೆಯಲ್ಲಿ ಮಗಳು, ಅಳಿಯ. ಅಳಿಯ ಮುರುಗೇಶ ಲೇತ್ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದಾನೆ. ಒಳ್ಳೆಯವನೇ, ಆದರೆ ಅತ್ತೆಯ ಕಾಯಿಲೆ ಬರೀ ನಾಟಕ ಎಂದು ಅವನ ನಂಬಿಕೆ. ಕೆಂಪು ಲೈಟಿಗೆ ಮೈಯೊಡ್ಡಲು ಶಿವಮೊಗ್ಗಕ್ಕೆ ಹೋಗಬೇಕಾ, ಬಾಗಿಲಲ್ಲಿ ಬಿಸಿಲಿಲ್ಲವಾ ಎನ್ನುತ್ತಾನಂತೆ. ಇದನ್ನು ಸೆಲ್ವಿಯಮ್ಮ ದೂರಿನ ಹಾಗೆ ಹೇಳಲಿಲ್ಲ. ಊರಿಗೆ ವಾಪಸ್ಸು ಬರುವಾಗ ಒಂದೇ ಬಸ್ಸು. ಮಾತು ಬೇಕೆನಿಸಿದ ದಿನ ಮಾತು, ಇಲ್ಲದ ದಿನ ಇಬ್ಬರೂ ಕಿಟಕಿಯಾಚೆ ನೋಡುತ್ತಿದ್ದೆವು. ನೋವಿದೆಯಾ ಎಂದು ಒಬ್ಬರನ್ನೊಬ್ಬರು ಕೇಳಬೇಕಾಗಿರಲಿಲ್ಲ. ಅದೇ ಒಂದು ವಿಶ್ರಾಂತಿ.

ಮೂರನೇ ವಾರದವರೆಗೆ ಏನೂ ಆಗಲಿಲ್ಲ. ನಾಲ್ಕನೇ ವಾರದ ಒಂದು ಬೆಳಿಗ್ಗೆ ಅಂಗಿ ಹಾಕಿಕೊಂಡು ಗುಂಡಿ ಹಾಕುವಾಗ, ಭುಜ ಉರಿಯಲಿಲ್ಲವಲ್ಲ ಎಂದು ಹೊಳೆಯಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಹೋಗಿಬಿಡುತ್ತದೆಂಬ ಭಯ. ಬಸ್ಕಿ ಐದರಿಂದ ಎಂಟಾಯಿತು, ನಡಿಗೆ ಎರಡು ನಿಮಿಷದಿಂದ ಆರಾಯಿತು.

ಆಗಲೇ ತಾಲ್ಲೂಕು ಕ್ರೀಡಾಕೂಟ ಹತ್ತಿರ ಬಂತು. ಒಂದು ದಿನ ಹುಡುಗಿಯರಿಗೆ ಬ್ಯಾಟನ್ ಕೊಡುವುದು ಎಷ್ಟು ಹೇಳಿದರೂ ಸರಿಹೋಗುತ್ತಿರಲಿಲ್ಲ. ನನಗೆ ಮೈ ಹಗುರವಾಗಿತ್ತು. ಕುರ್ಚಿಯಿಂದ ಎದ್ದವನೇ ಬ್ಯಾಟನ್ ಇಸಿದುಕೊಂಡು ನೂರು ಮೀಟರ್ ಓಡಿ ತೋರಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಎರಡು ವರ್ಷದ ಮೇಲೆ ಸಿಕ್ಕ ಚಪ್ಪಾಳೆ ಅದು. ಮಾರನೇ ದಿನ ಹಲ್ಲುಜ್ಜುವ ಬ್ರಷ್ ಹಿಡಿಯಲಾಗಲಿಲ್ಲ. ಐದು ದಿನ ಮತ್ತೆ ಹಾಸಿಗೆ.

ಬಯ್ಯುತ್ತಾಳೆಂದುಕೊಂಡೇ ಕ್ಲಿನಿಕ್ಕಿಗೆ ಹೋದೆ. ಅನುಷಾ ಬಯ್ಯಲಿಲ್ಲ. ಪುಸ್ತಕ ತೆಗೆದು ನನ್ನ ಹೆಸರಿನ ಮುಂದಿದ್ದ ಎಂಟನ್ನು ಹೊಡೆದು ಮತ್ತೆ ಐದು ಎಂದು ಬರೆದಳು. ಆಮೇಲೆ ಪೆನ್ನಿಟ್ಟು ಹೇಳಿದಳು: “ನಿಮಗೆ ಕೆಟ್ಟ ದಿನದಿಂದ ಏನೂ ಆಗಲ್ಲ ಸರ್. ಚೆನ್ನಾಗಿರೋ ದಿನ ಬಂದ್ರೆ ನಂಗೆ ಭಯ. ಇವತ್ತು ಎಷ್ಟೇ ಹುಷಾರಾಗಿದ್ರೂ ಐದೇ. ನಾಳೆ ಎಷ್ಟೇ ನೋವಿದ್ರೂ, ಕೂತ್ಕೊಂಡೇ ಆದ್ರೂ ಐದು. ಇಷ್ಟು ಮಾಡ್ತೀರಾ?”

ಮಾಡುತ್ತೇನೆಂದೆ. ಮೂರು ರೌಂಡ್ ಓಡುವುದಕ್ಕಿಂತ ಇದೇ ಕಷ್ಟ. ಮೈ ಹಗುರವಾಗಿರುವ ದಿನ ಐದಕ್ಕೆ ನಿಲ್ಲಿಸುವುದನ್ನು ಕಲಿಯಲು ನನಗೆ ತಿಂಗಳುಗಳೇ ಬೇಕಾದವು. ಈಗಲೂ ಪೂರ್ತಿ ಬಂದಿಲ್ಲ.

ಆ ಐದು ದಿನ ಹಾಸಿಗೆಯಲ್ಲಿದ್ದಾಗಲೇ ಒಂದು ಮಧ್ಯಾಹ್ನ ಊಟಕ್ಕೆ ಉಪ್ಪಿನಕಾಯಿ ಬೇಕೆನಿಸಿ ಅಡುಗೆಮನೆಗೆ ಹೋದೆ. ಬಾಟಲಿಯ ಮುಚ್ಚಳ ಸಡಿಲವಾಗಿತ್ತು, ಬೆರಳು ತಾಗಿಸಿದರೆ ಬಂತು. ಎಣ್ಣೆಯ ಬಾಟಲಿಯೂ ಹಾಗೇ, ಕಾಫಿಪುಡಿ ಡಬ್ಬಿಯೂ ಹಾಗೇ, ನೀರಿನ ಬಾಟಲಿಗಳೂ ಹಾಗೇ. ಮನೆಯ ಮುಚ್ಚಳಗಳನ್ನೆಲ್ಲ ಸಡಿಲ ಮಾಡಿಟ್ಟು ಸುಧಾ ಬೆಳಿಗ್ಗೆ ಬಸ್ಸಿಗೆ ಹೋಗುತ್ತಿದ್ದಳು. ಯಾವಾಗಿನಿಂದಲೋ ನನಗೆ ಗೊತ್ತಿಲ್ಲ. ಆ ದಿನ ಅವಳು ಬರುವಷ್ಟರಲ್ಲಿ ನಾನು ಕಾಫಿ ಮಾಡಿಟ್ಟೆ.

ಶಾಲೆಯಲ್ಲಿ ಹೆಡ್‌ಮಾಸ್ಟರಿಗೆ ಡಾಕ್ಟರ ಚೀಟಿ ಕೊಟ್ಟು, ಆಫೀಸಿನ ಕೆಲಸ ಬೇಡ, ಕುರ್ಚಿ ಇರಲಿ, ಕ್ರೀಡಾಕೂಟ ಮುಗಿಯುವವರೆಗೆ ನೋಡಿ ಎಂದು ಕೇಳಿಕೊಂಡೆ, ಒಪ್ಪಿದರು. ಮಕ್ಕಳಿಗೂ ಹೇಳಿದೆ. ನನಗೆ ಮೈನೋವಿನ ಕಾಯಿಲೆ ಇದೆ, ಕೂತು ಹೇಳಿಕೊಡುತ್ತೇನೆ, ನಿಮಗೂ ನೋವಿದ್ದರೆ ಬಂದು ಹೇಳಿ ಎಂದೆ. ಮಾರನೇ ದಿನ ಹನ್ನೊಂದು ಜನ ನೋವು ಎಂದು ಬಂದು ಸಾಲಾಗಿ ಕೂತರು. ಪಾಠದ ಮೇಷ್ಟ್ರುಗಳು ನಕ್ಕರು. ನಾನು ಹನ್ನೊಂದು ಜನರಿಗೂ ಕೂತು ಏಳುವುದನ್ನು ಐದೈದು ಸಲ ಮಾಡಿಸಿದೆ, ನಾನೂ ಮಾಡಿದೆ. ಮೂರು ದಿನದಲ್ಲಿ ಇಬ್ಬರು ಉಳಿದರು. ಅವರಿಬ್ಬರಿಗೆ ನಿಜವಾಗಿ ನೋವಿತ್ತು. ಹಿಂದೆ ಹೀಗೆ ನಿಜವಾಗಿ ನೋವಿದ್ದ ಎಷ್ಟು ಮಕ್ಕಳನ್ನು ಓಡಿಸಿದ್ದೆನೋ, ನೆನಪು ಮಾಡಿಕೊಳ್ಳಲು ಹೋಗುವುದಿಲ್ಲ. ಹೋದರೆ ನಿದ್ದೆ ಕೆಡುತ್ತದೆ. ನಮ್ಮ ರಿಲೇ ತಂಡ ಆ ವರ್ಷ ಮೂರನೇ ಸ್ಥಾನಕ್ಕೆ ಬಂತು. ಕುರ್ಚಿಯ ಬಗ್ಗೆ ಮತ್ತೆ ಯಾರೂ ಮಾತೆತ್ತಲಿಲ್ಲ.

ಇದರ ನಡುವೆ ಸೆಲ್ವಿಯಮ್ಮ ಕ್ಲಿನಿಕ್ಕಿಗೆ ಬರುವುದು ನಿಂತಿತು. ಒಂದು ವಾರ, ಎರಡು ವಾರ. ಫೋನ್ ಮಾಡಿದರೆ ಮಗಳು ತೆಗೆದು, ಅಮ್ಮ ಮಲಗಿದ್ದಾರೆ ಎನ್ನುತ್ತಿದ್ದಳು. ಒಂದು ಭಾನುವಾರ ಸುಧಾ, ನೋಡಿ ಬರೋಣ ಎಂದಳು. ಫ್ಯಾಕ್ಟರಿ ಏರಿಯಾದ ಸಾಲುಮನೆಗಳಲ್ಲಿ ಕೇಳಿಕೊಂಡು ಹೋದೆವು. ಸೆಲ್ವಿಯಮ್ಮ ಮುಂದಿನ ಕೋಣೆಯಲ್ಲೇ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅಡುಗೆ ಕೆಲಸಕ್ಕೂ ಹೋಗಿ ಇಪ್ಪತ್ತು ದಿನವಾಗಿತ್ತು. ಎದ್ದು ಕೂರಲು ನೋಡಿದರು, ಬೇಡ ಎಂದೆ.

ಮುರುಗೇಶ ಬಂದು ಸ್ಟೂಲ್ ಹಾಕಿದ. ಮೂವತ್ತರ ಆಸುಪಾಸು, ಬೆರಳ ಸಂದಿಯಲ್ಲಿ ಗ್ರೀಸಿನ ಕಪ್ಪು. ಅವನ ಹೆಂಡತಿ ಟೀ ಮಾಡಲು ಒಳಗೆ ಹೋದಳು. ನೀವು ಪಿ.ಟಿ. ಸಾರ್ ಅಲ್ವಾ, ನಮ್ಮ ಅಣ್ಣನ ಮಗ ನಿಮ್ಮ ಸ್ಕೂಲೇ ಎಂದು ಗೌರವದಿಂದಲೇ ಮಾತಾಡಿದ. ಅತ್ತೆ ಹೇಗೆ ಪರಿಚಯ ಎಂದು ಕೇಳಿದ. ಆವರೆಗೆ ಶಾಲೆಯಲ್ಲಿ ಮೈನೋವು ಎಂದಷ್ಟೇ ಹೇಳಿಕೊಂಡು ಬಂದಿದ್ದೆ. ಬೇರೆ ಗಂಡಸೊಬ್ಬನ ಎದುರು ಕಾಯಿಲೆಯ ಪೂರ್ತಿ ಹೆಸರನ್ನು ಹೇಳಿರಲಿಲ್ಲ.

“ಫೈಬ್ರೊಮಯಾಲ್ಜಿಯ ಅಂತ. ನಿಮ್ಮತ್ತೆಗೆ ಇರೋ ಕಾಯಿಲೆ ಕಣಪ್ಪ, ನಂಗೂ ಅದೇ. ಇಬ್ರೂ ಒಂದೇ ಕಡೆ ತೋರಿಸ್ಕೋತೀವಿ,” ಎಂದೆ.

ಅವನು ನನ್ನ ತೋಳು, ಭುಜ ನೋಡಿದ. ಇನ್ನೂ ಆಟಗಾರನ ಮೈಯೇ ನನ್ನದು, ನೋಡಿದವರಿಗೆ ಏನೂ ಕಾಣುವುದಿಲ್ಲ. ಒಂಬತ್ತು ದಿನ ಮಲಗಿದ್ದನ್ನು ಹೇಳಿದೆ. ತಲೆ ಬಾಚಲಾಗದ್ದನ್ನು, ಹೆಡ್‌ಮಾಸ್ಟರು ಫೋಟೋ ತೋರಿಸಿದ್ದನ್ನು ಹೇಳಿದೆ. ಚಾವಣಿ ನೋಡುತ್ತಾ ಏನು ಯೋಚಿಸುತ್ತಿದ್ದೆ ಎಂಬುದನ್ನೂ ಹೇಳಿದೆ. ಸುಧಾ ನೆಲ ನೋಡುತ್ತಿದ್ದಳು. ಸೆಲ್ವಿಯಮ್ಮ ಗೋಡೆಯ ಕಡೆಗಿದ್ದ ಮುಖವನ್ನು ತಿರುಗಿಸಲಿಲ್ಲ, ಆದರೆ ಹೆಗಲು ಅಲುಗಾಡುತ್ತಿತ್ತು.

ಮುರುಗೇಶ ಎದ್ದು ಒಳಗಿನಿಂದ ಟೀ ತಂದುಕೊಟ್ಟ. ನಾವು ಹೊರಟಾಗ ಬೀದಿಯ ತಿರುವಿನವರೆಗೆ ಬಂದ. ಬೆಳಗಾದರೆ ಎಲ್ಲೋ ಒಂದು ಕಡೆ ನೋವು, ಎಲ್ಲಿ ಅಂತ ಕೇಳಿದರೆ ದಿನಕ್ಕೊಂದು ಜಾಗ ಹೇಳುತ್ತಾರೆ, ಅದಕ್ಕೇ ನಂಬಲಿಲ್ಲ ಸಾರ್ ಎಂದ. ನಾನೂ ದಿನಕ್ಕೊಂದು ಜಾಗ ಹೇಳುತ್ತೇನೆ ಎಂದೆ. ಸೋಮವಾರ ಮಧ್ಯಾಹ್ನದ ಮೇಲೆ ವರ್ಕ್‌ಶಾಪಿಗೆ ರಜೆ ಹಾಕಿ ಬೈಕಿನಲ್ಲಿ ಕರೆದುಕೊಂಡು ಬರುತ್ತೇನೆ ಎಂದ.

“ಬೈಕು ಬೇಡ, ಬೆನ್ನು ತಡೆಯಲ್ಲ. ಬಸ್ಸಲ್ಲಿ ಕರ್ಕೊಂಡು ಬಾ. ಕಿಟಕಿ ಪಕ್ಕದ ಸೀಟು ಹಿಡಿ,” ಎಂದೆ.

ಸೋಮವಾರ ಬಂದರು. ಅನುಷಾ ಒಳಗೆ ಕರೆದಾಗ ಮುರುಗೇಶನೂ ಹೋದ. ಬೆಳಕು ಇಡುವ ಇಪ್ಪತ್ತು ನಿಮಿಷವೂ ಅವನು ಹೊರಗೆ ಬರಲಿಲ್ಲ. ಆ ದಿನ ಸೆಲ್ವಿಯಮ್ಮನಿಂದ ಎರಡು ಬಸ್ಕಿ ಆಯಿತಂತೆ. ಎರಡು ಸಾಕು ಎಂದಳಂತೆ ಅನುಷಾ.

ಇದೆಲ್ಲ ಆಗಿ ಒಂದು ವರ್ಷದ ಮೇಲಾಯಿತು. ನಾನೀಗ ಹದಿನೈದು ದಿನಕ್ಕೊಮ್ಮೆ ಬೆಳಕಿಗೆ ಹೋಗುತ್ತೇನೆ. ಬಸ್ಕಿ ಹನ್ನೆರಡಕ್ಕೆ ಬಂದಿದೆ, ನಡಿಗೆ ಇಪ್ಪತ್ತು ನಿಮಿಷಕ್ಕೆ. ಗುಣ ಕೊಟ್ಟದ್ದು ಬೆಳಕೋ, ವ್ಯಾಯಾಮವೋ, ಮಾತ್ರೆಯೋ, ಅನುಷಾ ಕೂತು ಕೇಳಿಸಿಕೊಂಡದ್ದೋ ನನಗೆ ಗೊತ್ತಿಲ್ಲ. ಒಂದನ್ನು ಬಿಟ್ಟು ನೋಡುವ ಧೈರ್ಯ ಇಲ್ಲ. ನೋವು ಇದೆ, ಇವತ್ತೂ ಇದೆ, ಇದನ್ನು ಬರೆಯುವಾಗ ನಾಲ್ಕು ಸಲ ಪೆನ್ನಿಟ್ಟು ಎದ್ದಿದ್ದೇನೆ. ಮಂಜು ಬೀಳುವ ತಿಂಗಳಲ್ಲಿ ಮತ್ತೆ ಮಲಗುತ್ತೇನೆ, ಮತ್ತೆ ಐದರಿಂದ ಶುರುಮಾಡುತ್ತೇನೆ. ದಣಿವಾಗುತ್ತದೆ. ಇದು ಮುಗಿಯುವಂಥದ್ದಲ್ಲ ಎಂದು ಗೊತ್ತಿದ್ದೂ ದಿನಾ ಮಾಡುವ ದಣಿವು ಬೇರೆಯೇ.

ಮುರುಗೇಶ ಮೊದಲ ಸಲ ಅತ್ತೆಯನ್ನು ಕರೆತಂದ ಆ ಸೋಮವಾರ ವಾಪಸ್ಸು ಬರುವಾಗ ನಾನು ಅವರಿಬ್ಬರ ಹಿಂದಿನ ಸೀಟಿನಲ್ಲಿದ್ದೆ. ಬಸ್ಸು ಶಿವಮೊಗ್ಗ ದಾಟುವ ಮೊದಲೇ ಸೆಲ್ವಿಯಮ್ಮನ ತಲೆ ತೂಗತೊಡಗಿತು. ಮುರುಗೇಶ ಹೆಗಲ ಮೇಲಿನ ಟವೆಲನ್ನು ಮಡಚಿ, ಕಿಟಕಿಯ ಸರಳಿಗೂ ಅವರ ತಲೆಗೂ ನಡುವೆ ಒತ್ತಿ ಹಿಡಿದ. ಹಾಗೆ ಕೈ ಚಾಚಿ ಹಿಡಿದೇ ಕೂತಿದ್ದ, ಗುಂಡಿ ಬಂದಲ್ಲೆಲ್ಲ ಇನ್ನಷ್ಟು ಗಟ್ಟಿಯಾಗಿ ಒತ್ತುತ್ತಿದ್ದ. ಭದ್ರಾವತಿ ಬಂತು, ಜನ ಇಳಿದರು, ಕಂಡಕ್ಟರು ಬಂದು ಇಳೀರಿ ಎಂದು ಹೇಳಿದರು.

ಮುರುಗೇಶ ಕೈ ತೆಗೆಯಲಿಲ್ಲ. “ಒಂದ್ನಿಮಿಷ ಇರಿ ಅಣ್ಣ,” ಎಂದ ಮೆಲ್ಲಗೆ. “ಈಗ್ತಾನೆ ನಿದ್ದೆ ಹತ್ತಿದೆ.”